ಏರಿಗೂ ಕೋಡಿಗೂ ನಡುವೆ

ರಾಮನಗರದ ಹೊರಗೆ, ಸರ್ವಿಸ್ ರಸ್ತೆಯ ಬದಿಯ ಒಂದು ಗ್ಯಾರೇಜು. ಮಾವಿನ ಸುಗ್ಗಿ ಮುಗಿಯುವ ಹೊತ್ತು. ಮಧ್ಯಾಹ್ನದ ಬಿಸಿಲಿಗೆ ಶೀಟಿನ ಸೂರು ಕಾದಿದೆ. ಮಾತಿಗೆ ಕೂತವರು ಮೂವರು. ಮೂವತ್ತು ವರ್ಷ ಲಾರಿ ಓಡಿಸಿ ಈಗ ಮಾಗಡಿ ಕಡೆ ರೇಷ್ಮೆ ಹುಳ ಸಾಕಿಕೊಂಡಿರುವ ಮಾವ. ಅವರ ಅಕ್ಕನ ಮಗ, ಕನಕಪುರದಲ್ಲಿ ಪಿಕಪ್ ಇಟ್ಟಿರುವ ಅಳಿಯ. ಚನ್ನಪಟ್ಟಣದಲ್ಲಿ ಹುಟ್ಟಿ ಬೆಳೆದು, ಡೀಸೆಲ್ ಪಂಪಿನ ಕೆಲಸದಲ್ಲೇ ತಲೆ ನರೆತ ಭಾಯ್. ಹೆಸರುಗಳನ್ನು ಬಿಟ್ಟಿದ್ದೇನೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥವರು ಊರಿಗೊಬ್ಬರು ಸಿಗುತ್ತಾರೆ, ಮಾತೂ ಅವರೆಲ್ಲರದು.

ಅಳಿಯ: ಭಾಯ್, ಬೆಂಗಳೂರಲ್ಲಿ ಒಬ್ಬರು ಲ್ಯಾಪ್‌ಟಾಪ್ ಹಾಕಿ ರೀಮ್ಯಾಪ್ ಮಾಡ್ತಾರೆ. ನೂರಕ್ಕೆ ಇಪ್ಪತ್ತೈದು ಪವರ್ ಜಾಸ್ತಿ ಬರುತ್ತೆ ಅಂತಾರೆ. ಇನ್ನೊಬ್ಬರ ಹತ್ರ ಟ್ಯೂನಿಂಗ್ ಬಾಕ್ಸ್ ಇದೆ, ಅದು ಅಗ್ಗ. ಎರಡರಲ್ಲಿ ಯಾವುದು ಹಾಕಿಸ್ಲಿ?

ಭಾಯ್: ಗಾಡಿ ಹಿಂದೆ ಏನು ಕಟ್ತೀರಿ ಅಣ್ಣ?

ಅಳಿಯ: ಕಾಂಕ್ರೀಟ್ ಮಿಕ್ಸರ್. ಮಾಗಡಿ, ಕನಕಪುರ, ಸಂಗಮದ ರಸ್ತೆ, ಎಲ್ಲಿ ಮೋಲ್ಡ್ ಇದ್ರೆ ಅಲ್ಲಿಗೆ. ಮೇಲೆ ಸೆಂಟ್ರಿಂಗ್ ಶೀಟು, ಜಾಕಿ. ಏಳಕ್ಕೆ ಮೋಲ್ಡ್ ಅಂದ್ರೆ ಆರೂವರೆಗೆ ಮಿಕ್ಸರ್ ಅಲ್ಲಿ ನಿಂತಿರ್ಬೇಕು. ಏರಲ್ಲಿ ಗಾಡಿ ಎರಡನೇ ಗೇರಿಗೆ ಬಿದ್ರೆ ಹಿಂದಿನವರೆಲ್ಲ ಹಾರನ್ ಹೊಡೀತಾರೆ. ನಂಗೆ ಹೊಟ್ಟೆ ಉರಿಯುತ್ತೆ.

ಭಾಯ್: ಡಬ್ಬಿಯ ವಿಚಾರ ಮೊದಲು ಮುಗಿಸಿಬಿಡೋಣ. ಈಗಿನ ಎಂಜಿನ್‌ನಲ್ಲಿ ಡೀಸೆಲ್ಲು ಒಂದು ಉಕ್ಕಿನ ಕೊಳವೆಯೊಳಗೆ ಒತ್ತಡ ಕಟ್ಟಿಕೊಂಡು ಕಾಯ್ತಾ ಇರುತ್ತೆ. ಕಾಮನ್ ರೈಲ್ ಅಂತಾರಲ್ಲ, ಅದೇ. ಸಾವಿರ ಬಾರ್ ಮೀರಿದ ಒತ್ತಡ. ಅಲ್ಲೊಂದು ಸೆನ್ಸರ್ ಕೂತು, ಇಷ್ಟಿದೆ ಅಂತ ಕಂಪ್ಯೂಟರಿಗೆ ವರದಿ ಕೊಡುತ್ತೆ. ಡಬ್ಬಿ ಮಧ್ಯದಲ್ಲಿ ಕೂತು ಆ ವರದಿ ತಿದ್ದುತ್ತೆ, ಇರೋದಕ್ಕಿಂತ ಕಮ್ಮಿ ಹೇಳುತ್ತೆ. ಕಂಪ್ಯೂಟರ್ ನಂಬಿಕೊಂಡು ಇನ್ನೂ ಒತ್ತುತ್ತೆ.

ಮಾವ: ಉಂಡ ಕೂಸು ಉಂಡಿಲ್ಲ ಅಂತ ತಾಯಿಗೆ ಸುಳ್ಳು ಹೇಳಿ, ಇನ್ನೊಂದು ತುತ್ತು ತುರುಕಿಸಿದಂಗೆ.

ಭಾಯ್: ಹೌದು ಗೌಡ್ರೆ. ಸುಳ್ಳು ಹೇಳಿ ಕೆಲಸ ತೆಗೆಯೋ ಸಾಮಾನನ್ನ ನಾನು ಮುಟ್ಟೋದಿಲ್ಲ. ನಾಳೆ ನಿಜವಾಗಿ ಒತ್ತಡ ಮೀರಿದಾಗ ಹೇಳಬೇಕಾದ ಬಾಯನ್ನೇ ನಾವು ಕಟ್ಟಿರ್ತೀವಿ.

ಅಳಿಯ: ಹಂಗಾದ್ರೆ ರೀಮ್ಯಾಪ್ ವಾಸಿ. ಅದು ಸುಳ್ಳು ಹೇಳಲ್ಲ, ನಿಯಮವನ್ನೇ ತಿದ್ದಿ ಬರೆಯುತ್ತೆ.

ಭಾಯ್: ವಾಸಿ. ಬರೆಯೋನಿಗೆ ಎಂಜಿನ್ ಗೊತ್ತಿದ್ರೆ. ಎಳೆಯೋ ಗಾಡಿಗೆ ಬರೆಯೋದೇ ಬೇರೆ, ಓಡೋ ಗಾಡಿಗೆ ಬರೆಯೋದೇ ಬೇರೆ. ಓಡೋ ಗಾಡಿಗೆ ಮೇಲಿನ ಆರ್‌ಪಿಎಂನಲ್ಲಿ ಬಲ ಬೇಕು, ಅದೂ ಒಂದೆರಡು ಗಳಿಗೆ. ಎಳೆಯೋ ಗಾಡಿಗೆ ಕೆಳಗೆ, ಸಾವಿರದ ನಾನೂರರಿಂದ ಎರಡು ಸಾವಿರದೊಳಗೆ, ಹತ್ತು ನಿಮಿಷ ಬಿಡದಂಗೆ ಬೇಕು. ಅಂಗಡಿಯವನು ತೋರಿಸೋ ನಂಬರು ಮಾತ್ರ ಮೇಲಿನದು.

ಮಾವ: ಮಾಗಡಿ ದನದ ಜಾತ್ರೇಲಿ ನಮ್ಮಪ್ಪ ಹಳ್ಳಿಕಾರ್ ಎತ್ತು ಕೊಳ್ಳೋವಾಗ ಓಡಿಸಿ ನೋಡ್ತಿರಲಿಲ್ಲ. ಹೇರಿದ ಗಾಡಿಗೆ ಕಟ್ಟಿ ದಿಬ್ಬ ಹತ್ತಿಸಿ ನಿಲ್ಲಿಸೋದು. ಆಮೇಲೆ ಬೀಡಿ ಹಚ್ಚಿ ಅದರ ಪಕ್ಕೆ ನೋಡ್ತಾ ಕೂರೋದು. ಉಸಿರು ಎಷ್ಟು ಹೊತ್ತಿಗೆ ಸಮಕ್ಕೆ ಬತ್ತದೆ, ಅದೇ ಲೆಕ್ಕ.

ಅಳಿಯ: ಮಾವ, ಎತ್ತು ಬೇರೆ, ಎಂಜಿನ್ ಬೇರೆ. ಎತ್ತಿನ ಒಳಗೆ ಬಲ ಯಾರೂ ಬೀಗ ಹಾಕಿ ಇಟ್ಟಿಲ್ಲ. ನನ್ನ ಎಂಜಿನ್‌ನಲ್ಲಿ ಇಟ್ಟಿದ್ದಾರೆ. ಎರಡೂವರೆ ಲೀಟರ್ ಎಂಜಿನ್, ಕೊಡೋದು ಎಪ್ಪತ್ತೈದು ಕುದುರೆ. ಇಲ್ಲೇ ಬಿಡದಿ ಟೊಯೊಟಾದಲ್ಲಿ ತಯಾರಾಗೋ ಹೈಲಕ್ಸ್ ನೋಡಿ, 2.8 ಲೀಟರಿಗೆ 204 ಕೊಡುತ್ತೆ. ಇನ್ನೂ ಮಜಾ ಕೇಳಿ. ಅದೇ ಹೈಲಕ್ಸ್, ಅದೇ ಎಂಜಿನ್. ಮ್ಯಾನುಯಲ್ ಗೇರ್ ಇದ್ರೆ 420 ನ್ಯೂಟನ್ ಮೀಟರ್ ಟಾರ್ಕ್, ಆಟೊಮ್ಯಾಟಿಕ್ ಇದ್ರೆ 500. ಕಬ್ಬಿಣ ಒಂದೇ, ಬರಹ ಬೇರೆ. ಅಂದ್ಮೇಲೆ ಕಂಪನಿಯವರೂ ಬರೆದೇ ಬಲ ಕೊಡ್ತಾರೆ, ಬರೆದೇ ಕಿತ್ಕೊಳ್ತಾರೆ. ನಾನು ಬಡ್ಡಿ ಕಟ್ತಿರೋದು ಪೂರ್ತಿ ಎಂಜಿನ್‌ಗೆ. ಅರ್ಧ ಬಲವನ್ನ ಅವರು ಯಾಕೆ ಇಟ್ಕೊಳ್ಬೇಕು?

ಭಾಯ್: ಒಳ್ಳೆ ಪ್ರಶ್ನೆ ಕೇಳಿದ್ರಿ. ಆದ್ರೆ ಹೈಲಕ್ಸ್ ನಿಮ್ಮ ಕಡೆ ಸಾಕ್ಷಿ ಹೇಳೋದಿಲ್ಲ ಅಣ್ಣ. ಎಂಜಿನ್ 500 ಕೊಡಬಲ್ಲದು ಅಂತ ಗೊತ್ತಿದ್ದೂ ಒಂದು ಗೇರ್‌ಬಾಕ್ಸಿಗೆ 420 ಮಾತ್ರ ಯಾಕೆ ಬಿಟ್ಟರು? ನನ್ನ ಕೈಯ ಅನುಭವ ಹೇಳೋದು ಇದು: ಎಂಜಿನ್ನಿನ ಬಲವನ್ನ ಎಂಜಿನ್ ನೋಡಿ ನಿಗದಿ ಮಾಡಲ್ಲ, ಅದರ ಹಿಂದೆ ನಿಂತವರನ್ನ ನೋಡಿ ಮಾಡ್ತಾರೆ. ಕ್ಲಚ್ ಪ್ಲೇಟು, ಗೇರು, ಜಾಯಿಂಟು, ಆಕ್ಸಲ್ಲು. ನಿಮ್ಮ ಪಿಕಪ್ ಕ್ಲಚ್ಚು ಇನ್ನೂರು ನ್ಯೂಟನ್ ಮೀಟರಿಗೆ ಅಂತ ಹುಟ್ಟಿದ್ದು. ಇನ್ನೂರೈವತ್ತು ತಂದು ಮುಂದೆ ಇಟ್ರೆ ಅದು ಜಾರುತ್ತೆ, ಸುಟ್ಟ ವಾಸನೆ ಬರುತ್ತೆ.

ಅಳಿಯ: ಕ್ಲಚ್ಚೂ ದೊಡ್ಡದು ಹಾಕಿಸ್ತೀನಿ.

ಮಾವ: ಆಮೇಲೆ?

ಅಳಿಯ: ಆಮೇಲೆ ಆಮೇಲಿನದು.

ಮಾವ: ನಮ್ಮೂರ ಕೆರೆ ನೋಡಿದ್ದೀಯಲ್ಲ. ಏರಿ ಎತ್ತರ ಎಲ್ಲೈತೆ, ಕೋಡಿ ಎಲ್ಲೈತೆ? ಕೋಡಿಗಿಂತ ಏರಿ ಆಳುದ್ದ ಮ್ಯಾಕಿದೆ. ಒಂದು ವರ್ಷ ಮಳೆ ಕಮ್ಮಿ ಅಂತ ಕೆಳಗಿನ ಗದ್ದೆಯೋರು ಕೋಡಿಗೆ ಮರಳು ಚೀಲ ಅಡ್ಡ ಇಟ್ಟು ಎರಡಡಿ ನೀರು ಜಾಸ್ತಿ ನಿಲ್ಲಿಸಿದ್ರು. ಅವರ ಮಾತೂ ನಿನ್ನಂಗೇ: ಏರಿ ಸುಮ್ನೆ ನಿಂತೈತೆ, ನೀರು ಯಾಕೆ ಹರಿದು ಹೋಗ್ಬೇಕು ಅಂತ. ಎರಡು ಬೆಳೆ ಚೆನ್ನಾಗಿ ಬಂತು. ಮೂರನೇ ವರ್ಷ ಒಂದೇ ರಾತ್ರಿ ಮಳೆ ಹುಯ್ತು. ಬೆಳಿಗ್ಗೆ ಏರಿ ಇರಲಿಲ್ಲ. ಏರಿಗೂ ಕೋಡಿಗೂ ನಡುವಿನ ಆ ಖಾಲಿ ಜಾಗ ಖಾಲಿ ಅಲ್ಲ ಕಣೋ. ಅದು ಆ ರಾತ್ರಿಯ ಮಳೆಗೆ ಇಟ್ಟಿದ್ದ ಜಾಗ.

ಭಾಯ್: ನಮ್ಮ ಕಡೆ ಆ ಜಾಗದೊಳಗೆ ಆಗಲೇ ಬಾಡಿಗೆದಾರರೂ ಸೇರಿಕೊಂಡಿರ್ತಾರೆ ಗೌಡ್ರೆ. ಕನಕಪುರ, ಮಾಗಡಿ ಕಡೆ ಕ್ರಷರ್ ಧೂಳು ಏರ್ ಫಿಲ್ಟರ್ ಮುಚ್ಚುತ್ತೆ. ಆಯಿಲ್ ಬದಲಿಸೋದು ತಡ ಆಗುತ್ತೆ. ಏಪ್ರಿಲ್ ಬಿಸಿಲಿಗೆ ರೇಡಿಯೇಟರ್ ತಣಿಯೋದಿಲ್ಲ. ಕಂಪನಿ ಮಿಗಿಸಿ ಇಟ್ಟದ್ದನ್ನ ಇವೆಲ್ಲ ದಿನಾ ತಿಂತಾ ಇವೆ. ನೀವು ಬೀಗ ಒಡೆದು ಒಳಗೆ ಹೋದ್ರೆ ಅಲ್ಲಿ ಏನೂ ಉಳಿದಿರದೇ ಇರ್ಬಹುದು.

ಅಳಿಯ: ಕೆರೆ ಮಾತು ಒಪ್ಪಲ್ಲ ಮಾವ. ಏರಿ ಒಡೆದ್ರೆ ಊರು ಮುಳುಗುತ್ತೆ, ಅದಕ್ಕೆ ಊರಿನ ನಿಯಮ. ನನ್ನ ಎಂಜಿನ್ ಒಡೆದ್ರೆ ಮುಳುಗೋನು ನಾನೊಬ್ಬ. ನನ್ನ ನಷ್ಟವನ್ನ ಆರಿಸ್ಕೊಳ್ಳೋ ಹಕ್ಕು ನಂಗಿಲ್ವಾ?

(ಇದು ಸುಲಭದಲ್ಲಿ ತಳ್ಳಿಹಾಕುವ ಮಾತಲ್ಲ. ದುಡಿದು ತಿನ್ನುವವನಿಗೆ ಅಪಾಯ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಒಂದು ಆಸ್ತಿ. ಅದನ್ನು ಯಾರೂ ಅವನಿಗೆ ಬಿಟ್ಟುಕೊಡುವುದಿಲ್ಲ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು.)

ಭಾಯ್: ಕಾನೂನು ಇಲ್ಲ ಅನ್ನುತ್ತೆ. 1988ರ ಮೋಟಾರು ವಾಹನ ಕಾಯಿದೆ, 52ನೇ ಕಲಂ. ಆರ್‌ಸಿಯಲ್ಲಿ ಇರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಂಗೆ ಗಾಡಿ ತಿದ್ದಬಾರದು ಅಂತ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು. ಇನ್ಶೂರೆನ್ಸ್‌ನವರಿಗೂ ಒಂದು ನೆಪ ಸಿಕ್ಕಂಗೆ.

ಅಳಿಯ: ಕಾನೂನು ಇಲ್ಲ ಅಂದಿದ್ದಕ್ಕೆ ತಪ್ಪು ಅನ್ನೋದಾದ್ರೆ ನಾನು ಕೇಳೋದೇ ಬೇಡವಾಗಿತ್ತು. ಅದು ಯಾಕೆ ತಪ್ಪು, ಅದನ್ನ ಹೇಳಿ.

ಮಾವ: ಹೇಳ್ತೀನಿ. ಡೀಸೆಲ್ಲು ಜಾಸ್ತಿ ಬಿಟ್ಟು, ಅಷ್ಟಕ್ಕೆ ಗಾಳಿ ಸಾಲದಿದ್ರೆ ಏನು ಬತ್ತದೆ ಭಾಯ್?

ಭಾಯ್: ಕರೀ ಹೊಗೆ. ಬಿಎಸ್6 ಗಾಡಿಯಲ್ಲಿ ಡಿಪಿಎಫ್ ಜಾಲರಿ ಅದನ್ನ ಹಿಡಿಯುತ್ತೆ. ಹಿಡಿದು ಹಿಡಿದು ಕಟ್ಟಿಕೊಳ್ಳುತ್ತೆ. ಆಗ ಅದೇ ಲ್ಯಾಪ್‌ಟಾಪಿನವನು ಜಾಲರಿ ತೆಗೆಸಿಬಿಡಿ ಅಂತಾನೆ.

ಮಾವ: ತೆಗೆಸಿದ ಮೇಲೆ ಆ ಮಸಿ ಎಲ್ಲಿ ಕೂರ್ತದೆ? ರಸ್ತೆ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮ್ಯಾಲೆ. ರಸ್ತೆ ಬದಿ ಸಾಲಿನ ಸೊಪ್ಪನ್ನ ನಾವು ಹುಳಕ್ಕೆ ಕೊಡೋಕೆ ಹೆದರ್ತೀವಿ. ನಾಲ್ಕನೇ ಜ್ವರ ಎದ್ದ ಹುಳ ಮಳೆ ಹುಯ್ದಂಗೆ ಸದ್ದು ಮಾಡ್ತಾ ಮೇಯ್ತದೆ. ಧೂಳು, ಮಸಿ ಇದ್ರೆ ಬಾಯಿ ಹಾಕಲ್ಲ. ಇಪ್ಪತ್ತೈದು ದಿನದ ಶ್ರಮ, ಇಲ್ಲೇ ರಾಮನಗರದ ಮಾರ್ಕೆಟ್ಟಲ್ಲಿ ಗೂಡು ಹರಾಜಿಗೆ ಇಟ್ಟಾಗ ಗೊತ್ತಾಗ್ತದೆ. ನಿನ್ನ ನಷ್ಟ ನಿನ್ನೊಬ್ಬನದು ಅಂದೆಯಲ್ಲ, ಇದು ಯಾರದು? ಇನ್ನೊಂದು. ಮೋಲ್ಡಿನ ಆಳುಗಳು ಎಲ್ಲಿ ಕೂತು ಬತ್ತಾರೆ?

ಅಳಿಯ: …ಹಿಂದೆ. ಶೀಟಿನ ಮೇಲೆ.

ಮಾವ: ಎಷ್ಟು ಜನ?

ಅಳಿಯ: ಬಸ್ ಆ ಹೊತ್ತಿಗೆ ಇರಲ್ಲ ಮಾವ.

ಮಾವ: ನಾನು ಬಸ್ಸಿನ ಮಾತು ಕೇಳ್ಲಿಲ್ಲ.

ಭಾಯ್: ಲೆಕ್ಕ ಹಾಕೋಣ, ಲೆಕ್ಕ ಯಾರಿಗೂ ಬೇಜಾರು ಮಾಡಲ್ಲ. ಗಾಡಿ, ಸಾಮಾನು, ಮಿಕ್ಸರ್ ಎಲ್ಲ ಸೇರಿ ನಾಲ್ಕು ಟನ್ ಅಂತ ಇಟ್ಕೊಳ್ಳಿ. ನೂರಡಿಗೆ ಎಂಟಡಿ ಏರು. ಗಾಡಿ ಹಿಂದಕ್ಕೆ ಜಾರದಂಗೆ ಹಿಡಿಯೋಕೇ 320 ಕೆ.ಜಿ. ತೂಕದಷ್ಟು ಎಳೆತ ಬೇಕು. ಗಂಟೆಗೆ ಮೂವತ್ತರಲ್ಲಿ ಹತ್ತಿದ್ರೆ ಅದಕ್ಕೆ 35 ಕುದುರೆ. ನಲವತ್ತೈದರಲ್ಲಿ ಹತ್ತಿದ್ರೆ 53. ಟೈರಿನ ತಡೆ, ಗಾಳಿಯ ತಡೆ ಬೇರೆ. ಈಗಿರೋ ಎಪ್ಪತ್ತೈದರಲ್ಲಿ ಮೂವತ್ತು ಆರಾಮ. ನಲವತ್ತೈದು ಬೇಕಂದ್ರೆ ಎಂಜಿನ್ ತುದಿಗಾಲಲ್ಲಿ ನಿಲ್ಲುತ್ತೆ. ರೀಮ್ಯಾಪ್‌ನಿಂದ ನೀವು ಕೊಳ್ಳೋದು ಇದನ್ನೇ. ಐದು ಕಿಲೋಮೀಟರ್ ಏರಿಗೆ ಹತ್ತು ನಿಮಿಷದ ಬದಲು ಆರೂಮುಕ್ಕಾಲು.

ಅಳಿಯ: ಮೂರೂಕಾಲು ನಿಮಿಷ.

ಭಾಯ್: ಅಷ್ಟೇ. ಈಗ ಇಳಿಜಾರಿಗೆ ಬನ್ನಿ. ಸಂಗಮಕ್ಕೆ, ಅರ್ಕಾವತಿ ಕಾವೇರಿಗೆ ಸೇರೋ ಕಡೆಗೆ, ಕಾಡಿನೊಳಗೆ ರಸ್ತೆ ಇಳೀತಾ ಹೋಗುತ್ತಲ್ಲ. ಹತ್ತುವಾಗ ಎಂಜಿನ್ ಕೊಟ್ಟಷ್ಟನ್ನೂ ಇಳಿಯುವಾಗ ಯಾರಾದ್ರೂ ತಿನ್ನಲೇಬೇಕು. ಅದೇ ಇಳಿಜಾರು, ಅದೇ ನಲವತ್ತೈದು ಅಂದ್ರೆ ಅದೇ 53 ಕುದುರೆ, ಈ ಸಲ ಶಾಖವಾಗಿ. ಸ್ವಲ್ಪ ಎಂಜಿನ್ ತಡೆಯುತ್ತೆ, ಉಳಿದಿದ್ದೆಲ್ಲ ಬ್ರೇಕಿಗೆ. ನಿಮ್ಮ ಮಿಕ್ಸರಿಗೆ ಬ್ರೇಕ್ ಇದೆಯಾ?

ಅಳಿಯ: ಯಾವ ಮಿಕ್ಸರಿಗಿದೆ?

ಭಾಯ್: ಲ್ಯಾಪ್‌ಟಾಪ್ ಬ್ರೇಕಿಗೆ ಏನೂ ಬರೆಯೋದಿಲ್ಲ ಅಣ್ಣ. ಹತ್ತೋದು ಮಾತ್ರ ಜೋರಾಗುತ್ತೆ, ನಿಲ್ಲೋದು ಹಿಂಗೇ ಇರುತ್ತೆ.

(ಚಹಾ ಬಂತು. ಭಾಯ್ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಮುಂದುವರಿಸಿದರು.)

ಭಾಯ್: ನಮ್ಮ ತಂದೆ ಗೊಂಬೆ ಮಾಡ್ತಿದ್ರು. ಲೇತಿನಲ್ಲಿ ಆಲೆಮರದ ತುಂಡು ತಿರುಗ್ತಾ ಇರುವಾಗ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಬೆಂಕಿ ಇಲ್ಲ. ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತೆ. ಮೆಲ್ಲಗೆ ಒತ್ತಿದ್ರೆ ಅರಗು ಇಳಿಯಲ್ಲ. ಜೋರು ಒತ್ತಿದ್ರೆ ಕಪ್ಪಾಗಿ ಗೊಂಬೆ ಹಾಳು. ಆಮೇಲೆ ಗರಿ ಹಿಡಿದು ಉಜ್ಜಿದಾಗ ಬರೋ ಹೊಳಪು ಶಾಖದ್ದೇ. ಶಾಖ ವೈರಿ ಅಲ್ಲ ಅಂತ ನಾನು ಅಲ್ಲಿ ಕಲಿತೆ. ಎಂಜಿನ್ನೂ ಹಂಗೆ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ. ಭಾರ ಎಳೆಯುವಾಗ ಸೈಲೆನ್ಸರ್ ಕಡೆಗೆ ಹೋಗೋ ಗಾಳಿ ಅದಕ್ಕಿಂತ ಬಿಸಿ ಆಗಬಹುದು. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದೇ. ಆದ್ರೂ ಕರಗಲ್ಲ, ಯಾಕೆ? ಉರಿಗೂ ಉರಿಗೂ ನಡುವೆ ಅದಕ್ಕೆ ಬಿಡುವಿದೆ, ಅಡಿಯಿಂದ ಆಯಿಲ್ ತಂಪು ಮಾಡುತ್ತೆ. ಒಂದೆರಡು ಗಳಿಗೆ ಡೀಸೆಲ್ ಜಾಸ್ತಿ ಆದ್ರೆ ತಡ್ಕೊಳ್ಳುತ್ತೆ. ಹತ್ತು ನಿಮಿಷ ಏರಲ್ಲಿ ತಡ್ಕೊಳ್ಳಲ್ಲ. ಕಾರಿಗೆ ಸರಿಹೋದ ಟ್ಯೂನಿಂಗ್ ಎಳೆಯೋ ಗಾಡೀನ ಕೊಲ್ಲೋದು ಇದಕ್ಕೇ.

ಮಾವ: ನೀವು ಹಳೇ ಕಾಲದಲ್ಲಿ ಪಂಪ್ ತಿರುವ್ತಿರಲಿಲ್ವಾ?

ಭಾಯ್: ತಿರುವಿದ್ದೀನಿ. ಆಡುಗೋಡಿಯ ಮೈಕೋ ಪಂಪು ಅಂದ್ರೆ ನಂಗೆ ಕಣ್ಣು ಕಟ್ಟಿಕೊಂಡು ಬಿಚ್ಚೋಷ್ಟು ಪರಿಚಯ. ಸ್ಕ್ರೂ ಕಾಲು ಸುತ್ತು ತಿರುಗಿಸಿದ್ರೆ ಲಾರಿ ಜಿಗೀತಿತ್ತು, ಓನರ್ ಖುಷಿಯಾಗಿ ಕಾಸು ಕೊಡ್ತಿದ್ದ. ಒಂದು ಲಾರಿ ಘಾಟಿಯಲ್ಲಿ ಪಿಸ್ಟನ್ ಸುಟ್ಕೊಂಡು ನಿಂತಿತು. ಓನರ್ ಬಂದು ನನ್ನನ್ನ ಬೈಲಿಲ್ಲ, ಡ್ರೈವರ್ ಸಂಬಳ ಹಿಡ್ಕೊಂಡ. ಎರಡು ತಿಂಗಳು. ನಾನು ತಿರುಗಿಸಿದ ಸ್ಕ್ರೂಗೆ ಅವನು ದುಡ್ಡು ಕಟ್ಟಿದ. ಆಮೇಲೆ ಭಾರದ ಗಾಡಿಗೆ ನಾನು ಪಂಪ್ ಕಮ್ಮಿ ಮಾಡಿಕೊಟ್ಟಿದ್ದೀನಿ, ಜಾಸ್ತಿ ಮಾಡಿಲ್ಲ.

ಅಳಿಯ: ಅಂದ್ರೆ ನಂದು ಅಂತ ಆ ಗಾಡೀಲಿ ಏನೂ ಇಲ್ಲ. ಎಂಜಿನ್ ಕಂಪನೀದು, ಹೊಗೆ ಸೊಪ್ಪಿನೋರದು, ಬ್ರೇಕ್ ಹಿಂದೆ ಕೂತೋರದು. ಕಾಸಿದ್ದೋನು ಹೈಲಕ್ಸ್ ತಗೊಂಡು ಬುರ್ ಅಂತ ಹತ್ತುತ್ತಾನೆ. ಬಲ ಮಿಗಿಸಿ ಇಟ್ಕೋ ಅನ್ನೋ ಉಪದೇಶ ಎಲ್ಲಾ ನನ್ನಂಥೋರಿಗೇ.

ಮಾವ: ಅದು ನಿಜ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಕಣಪ್ಪ. ದೊಡ್ಡ ಗಾಡಿಯೋನು ದೊಡ್ಡ ಬ್ರೇಕನ್ನೂ ಜೊತೆಗೇ ಕೊಂಡಿರ್ತಾನೆ, ನೀನು ಬಲ ಒಂದನ್ನೇ ಕೊಳ್ಳೋಕೆ ಹೊರಟಿದ್ದೀಯ. ಅಷ್ಟು ಮಾತ್ರ ಹೇಳಬಲ್ಲೆ.

ಅಳಿಯ: ಹಾರನ್ ಹೊಡೆಯೋರಿಗೆ ಏನು ಹೇಳ್ಲಿ?

ಭಾಯ್: ಎಡಕ್ಕೆ ಬಿಡಿ, ಹೋಗ್ತಾರೆ. ಏರು ಶುರುವಾಗೋ ಮೊದಲೇ ಗೇರ್ ಇಳಿಸಿ, ಎಂಜಿನ್ ಉಬ್ಬಸ ಪಡೋವರೆಗೆ ಕಾಯಬೇಡಿ. ಆರ್‌ಪಿಎಂ ಸಾವಿರದ ಎಂಟುನೂರು ಹತ್ರ ಇಟ್ಕೊಂಡು ಹತ್ತಿ. ಮೇಲೆ ಹೋದ ಮೇಲೆ ಒಂದೆರಡು ನಿಮಿಷ ಸುಮ್ನೆ ಓಡಿಸಿ ಆಮೇಲೆ ಆಫ್ ಮಾಡಿ, ಟರ್ಬೊ ತಣ್ಣಗಾಗ್ಲಿ. ನಿಮ್ಮಜ್ಜ ಬೀಡಿ ಸೇದ್ತಾ ಕಾದಂಗೆ.

ಅಳಿಯ: ರೀಮ್ಯಾಪ್ ಬೇಡ ಅಂತ ನಾನಿನ್ನೂ ಒಪ್ಪಿಲ್ಲ.

ಮಾವ: ಒಪ್ಪಬೇಡ. ಈಗ ಹಿಂದಿನ ಚಕ್ರ ಬಿಚ್ಚಿಸು.

(ಭಾಯ್ ಹುಡುಗನನ್ನು ಕೂಗಿ ಜಾಕ್ ಹಾಕಿಸಿದರು. ಚಕ್ರ ಇಳಿಯಿತು, ಡ್ರಮ್ಮಿಗೆ ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಬಿತ್ತು. ಡ್ರಮ್ ಹೊರಬಂದಾಗ ಒಳಗಿನ ಕಪ್ಪು ಪುಡಿ ನೆಲಕ್ಕೆ ಸುರಿಯಿತು. ಲೈನರ್ ಸವೆದು ರಿವೆಟ್ ತಲೆಗಳು ಹೊಳೆಯುತ್ತಿದ್ದವು. ಡ್ರಮ್ಮಿನ ಒಳಮೈಯಲ್ಲಿ ಗೀರು ಮೂಡಿತ್ತು. ಅಳಿಯ ಬಗ್ಗಿ ಆ ಗೀರಿನ ಮೇಲೆ ಬೆರಳಾಡಿಸಿದ.)

ಅಳಿಯ: ಎಷ್ಟು ಹೊತ್ತಾಗುತ್ತೆ ಭಾಯ್?

ಭಾಯ್: ನಾಲ್ಕೂ ಚಕ್ರ ಮಾಡಿದ್ರೆ ರಾತ್ರಿ ಎಂಟು.

(ಅವನು ಹೊರಗೆ ಹೋಗಿ ಫೋನ್ ಹಚ್ಚಿದ. ಇವತ್ತು ಸಂಜೆ ಮಿಕ್ಸರ್ ಇಳಿಸೋಕಾಗಲ್ಲ, ನಾಳೆ ಐದೂವರೆಗೆ ಬದಲು ನಾಲ್ಕೂಮುಕ್ಕಾಲಿಗೇ ಹೊರಡ್ತೀನಿ ಅನ್ನುತ್ತಿದ್ದದ್ದು ಕೇಳಿಸಿತು. ಸ್ವಲ್ಪ ತಡೆದು, ಆಳುಗಳಿಗೆ ಬೇರೆ ಟೆಂಪೊ ಹೇಳಿಬಿಡಣ್ಣ, ಬಾಡಿಗೆ ಅರ್ಧ ನಾನು ಕೊಡ್ತೀನಿ ಅಂದ.)