ನೋಡುವುದು ಮತ್ತು ನೋಡಿಕೊಳ್ಳುವುದು


*ಇಂದಿನ ಧಮ್ಮ ಚಿಂತನೆ*

ಬಂಧುಗಳೇ,

ನಮ್ಮ ಕನ್ನಡದಲ್ಲಿ ಎರಡು ಮಾತುಗಳಿವೆ: ನೋಡುವುದು, ನೋಡಿಕೊಳ್ಳುವುದು. ಕೇಳಲು ಒಂದೇ ಬಳ್ಳಿಯ ಮಾತುಗಳು. ಬದುಕಿನಲ್ಲಿ ಇವೆರಡರ ನಡುವೆ ಎಷ್ಟು ದೂರವಿದೆ ಎಂಬುದು ನನಗೆ ತಿಳಿದದ್ದು ಕಳೆದ ಮಳೆಗಾಲದಲ್ಲಿ. ಇದು ನನ್ನದೇ ತಪ್ಪಿನ ಕಥೆ. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಏಕೆಂದರೆ ನಮ್ಮ ಬಳಗದ ಹಲವರ ಮನೆಯ ಗೋಡೆಗೂ ಈಗ ಇದೇ ಯಂತ್ರ ಬಂದು ಕೂತಿದೆ.

ಅವ್ವ ತಾವರಗೇರಾದಲ್ಲಿ ಒಬ್ಬಳೇ ಇರುತ್ತಾಳೆ. ನಾನು ದುಡಿಯಲು ಬೆಂಗಳೂರು ಸೇರಿದವನು. ಬಾ ಎಂದರೆ, "ಈ ಮನಿ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ" ಅನ್ನುತ್ತಾಳೆ. ಅದಕ್ಕೆ ಎರಡು ವರ್ಷದ ಹಿಂದೆ ಮನೆಗೆ ವೈಫೈ ಹಾಕಿಸಿ, ಪಡಸಾಲೆಯ ಮೂಲೆಯಲ್ಲಿ ಒಂದು ಕ್ಯಾಮೆರಾ ಕೂರಿಸಿದೆ. ಅವ್ವ ಜೋಳ ಹಸನು ಮಾಡುವುದು, ಮಂಚದ ಮೇಲೆ ಕೂರುವುದು, ಮಲಗುವುದು ಎಲ್ಲವೂ ನನ್ನ ಮೊಬೈಲಿನಲ್ಲಿ ಕಾಣುತ್ತಿತ್ತು.

ಅದಕ್ಕೆ ಮೊದಲು ದಿನಾ ಸಂಜೆ ಫೋನ್ ಮಾಡುತ್ತಿದ್ದೆ. ಉಂಡಿಯಾ, ಗುಳಿಗಿ ತಗೊಂಡಿಯಾ, ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದೆ. ಕ್ಯಾಮೆರಾ ಬಂದ ಮೇಲೆ ಅದು ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ ಆಯಿತು. ಕಣ್ಣಿಗೆ ಕಾಣುತ್ತಾಳಲ್ಲ, ಕೇಳುವುದು ಏನಿದೆ ಅಂದುಕೊಂಡೆ.

ಆ ರಾತ್ರಿ ಊರಲ್ಲಿ ಗಾಳಿ ಮಳೆ ಜೋರಾಗಿತ್ತು. ಮಲಗುವ ಮುಂಚೆ ಮೊಬೈಲ್ ತೆರೆದೆ. ಅವ್ವ ಮಂಚದ ಮೇಲೆ ಕೂತಿದ್ದಳು. ನೆಮ್ಮದಿಯಾಗಿ ಮಲಗಿದೆ. ನಾನು ನೋಡಿದ್ದು ಕರೆಂಟ್ ಹೋಗುವ ಮುಂಚಿನ ಹಳೆಯ ಚಿತ್ರ. ಕ್ಯಾಮೆರಾ ಬಂದ್ ಆಗಿದೆ ಎಂಬ ಮಾತು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಾನು ಓದಲಿಲ್ಲ. ಅದೇ ಹೊತ್ತಿನಲ್ಲಿ ಅವ್ವ ಕತ್ತಲಲ್ಲಿ ಬಚ್ಚಲಿಗೆ ಹೋಗಲು ಎದ್ದು, ಅಂಗಳದಲ್ಲಿ ಜಾರಿ ಬಿದ್ದು, ಕೈ ಮುರಿದುಕೊಂಡು, ಬೆಳಗಾಗುವವರೆಗೂ ತೊಯ್ಸಿಕೊಂಡು ಬಿದ್ದಿದ್ದಳು.

ಬೆಳಿಗ್ಗೆ ಅವಳನ್ನು ಎತ್ತಿದ್ದು ಪಕ್ಕದ ಮನೆಯ ಅಕ್ಕ. ಆಕೆ ಫೋನಿನಲ್ಲಿ ಹೇಳಿದ ಮಾತು ನನಗೆ ಇನ್ನೂ ಚುಚ್ಚುತ್ತದೆ: "ಮೊದಲೆಲ್ಲಾ ಮಕ್ಕೊಳ್ಳೋ ಮುಂದ ಒಂದ್ಸಲ ಬಂದು ಮಾತಾಡ್ಸಿ ಹೋಗ್ತಿದ್ದೆ ತಮ್ಮಾ. ನೀ ಕ್ಯಾಮ್ರಾ ಹಾಕ್ಸಿದ ಮ್ಯಾಲ, ಹೆಂಗೂ ನೀನ ನೋಡ್ತಿರ್ತಿ ಅಂತ ಬಿಟ್ಟಬಿಟ್ಟೆ."

ಬಂಧುಗಳೇ, ಕ್ಯಾಮೆರಾ ಕೆಟ್ಟದ್ದಕ್ಕಿಂತ ದೊಡ್ಡ ಹಾನಿ ಇದು. ಯಂತ್ರ ಬಂದು ನನ್ನ ಫೋನನ್ನು ನಿಲ್ಲಿಸಿತು, ಅಕ್ಕನ ಕಾಲನ್ನೂ ನಿಲ್ಲಿಸಿತು. ಎರಡು ಜೀವಂತ ಆಸರೆಗಳು ಹೋದವು. ಉಳಿದ ಒಂದು ಆಸರೆ ಕರೆಂಟಿನ ಜೊತೆ ಹೋಯಿತು.

*ಇದು ಇದ್ದರೆ ಅದು*

ಒಂದಿದ್ದರೆ ಇನ್ನೊಂದು, ಒಂದಿಲ್ಲದಿದ್ದರೆ ಇನ್ನೊಂದಿಲ್ಲ ಎಂಬ ಪ್ರತೀತ್ಯ ಸಮುತ್ಪಾದವನ್ನು ನಾವು ಓದುತ್ತೇವೆ. ಅದನ್ನು ಮನೆಯ ಗೋಡೆಯ ಮೇಲೆ ಹುಡುಕಿ ನೋಡೋಣ. ಕ್ಯಾಮೆರಾ ನಡೆಯಲು ಕರೆಂಟ್ ಬೇಕು, ವೈಫೈ ಡಬ್ಬಿ ಬೇಕು, ಊರಾಚೆಯ ಕೇಬಲ್ ಬೇಕು. ಇಂಥ ಬಹಳಷ್ಟು ಕ್ಯಾಮೆರಾಗಳ ಚಿತ್ರ ಎಲ್ಲೋ ದೂರದ ಕಂಪನಿಯ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ನಮ್ಮ ಮೊಬೈಲಿಗೆ ಬರುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಕಣ್ಣು ಕುರುಡು.

ಇದು ನಮ್ಮ ಊರಿನ ಬಡತನದ ಮಾತು ಮಾತ್ರವಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಜಗತ್ತಿನಲ್ಲೆಲ್ಲ ವಾಟ್ಸಾಪ್, ಫೇಸ್‌ಬುಕ್ ಸುಮಾರು ಆರು ಗಂಟೆ ನಿಂತುಹೋದವು. ಆ ಕಂಪನಿಯವರೇ ತಮ್ಮ ಜಾಲವನ್ನು ಸರಿಪಡಿಸುವಾಗ ಕೊಟ್ಟ ಒಂದು ತಪ್ಪು ಆಜ್ಞೆ ಅದಕ್ಕೆ ಕಾರಣ. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿ ಅಮೆಜಾನ್ ಕಂಪನಿಯ ಕಂಪ್ಯೂಟರ್ ಕೇಂದ್ರ ಎಡವಿತು. ಅದನ್ನು ನಂಬಿದ್ದ ಮನೆಗಳಲ್ಲಿ ಬಾಗಿಲ ಕ್ಯಾಮೆರಾಗಳು ಕೆಲಸ ಬಿಟ್ಟವು, ಕೆಲವು ಸ್ಮಾರ್ಟ್ ಹಾಸಿಗೆಗಳೂ ಹೇಳಿದ ಮಾತು ಕೇಳಲಿಲ್ಲ. 2016ರ ಮೇ ತಿಂಗಳಲ್ಲಿ ರಿವಾಲ್ವ್ ಎಂಬ ಮನೆಯ ಉಪಕರಣವನ್ನು ಅದರ ಒಡೆತನ ಪಡೆದ ನೆಸ್ಟ್ ಕಂಪನಿಯೇ ದೂರದಿಂದ ಬಂದ್ ಮಾಡಿತು. ದುಡ್ಡು ಕೊಟ್ಟವರು ಜನ, ವಸ್ತು ಇದ್ದದ್ದು ಅವರ ಮನೆಯಲ್ಲಿ, ಆದರೆ ಗುಂಡಿ ಇದ್ದದ್ದು ಬೇರೆಯವರ ಕೈಯಲ್ಲಿ.

*ಕೊಡದೆ ಇರುವುದನ್ನು ತೆಗೆದುಕೊಳ್ಳುವುದು*

ಕೈ ಕಟ್ಟಿಸಿಕೊಂಡು ಮನೆಗೆ ಬಂದ ಅವ್ವನ ಹತ್ತಿರ ಕೂತೆ. ಆಗ ಗೊತ್ತಾಯಿತು, ಅವಳು ದಿನಾ ಕ್ಯಾಮೆರಾದ ಮೇಲೆ ಸ್ವಲ್ಪ ಹೊತ್ತು ಒಂದು ಟವೆಲ್ ಹಾಕುತ್ತಿದ್ದಳು ಎಂದು. ಯಾಕೆ ಎಂದು ಕೇಳಿದೆ.

"ಅದು ನೋಡಾಕತ್ರ ನಾ ಸೀರಿ ಹೆಂಗ ಬದಲಿಸ್ಲಿ? ನೀ ನನ್ನ ನೋಡ್ತಿ, ನಾ ನಿನ್ನ ನೋಡಂಗಿಲ್ಲ. ಇದು ಯಾವ ನ್ಯಾಯ?"

ಎರಡು ವರ್ಷದಲ್ಲಿ ಒಮ್ಮೆಯೂ ನಾನು ಅವಳನ್ನು ಕೇಳಿರಲಿಲ್ಲ. ವಂದನೆಯಲ್ಲಿ ಪಂಚಶೀಲ ಹೇಳುವಾಗ, ಕೊಡದೆ ಇರುವುದನ್ನು ತೆಗೆದುಕೊಳ್ಳುವುದಿಲ್ಲ ಎಂದು ನಾವೆಲ್ಲ ಎರಡನೆಯ ಶೀಲವನ್ನು ಸ್ವೀಕರಿಸುತ್ತೇವೆ. ಕದಿಯುವುದು ಎಂದರೆ ಹಣ, ಒಡವೆ ಎಂದು ತಿಳಿದಿದ್ದೆ. ಅವ್ವನ ಏಕಾಂತವನ್ನು ಅವಳು ನನಗೆ ಕೊಟ್ಟಿರಲಿಲ್ಲ. ನಾನೇ ತೆಗೆದುಕೊಂಡಿದ್ದೆ. ತೆಗೆದುಕೊಂಡು, ಹೆಸರೂ ಗೊತ್ತಿಲ್ಲದ ಕಂಪನಿಯ ಕೈಗೂ ಕೊಟ್ಟಿದ್ದೆ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸಂವಿಧಾನದ 21ನೇ ವಿಧಿಯ ಜೀವದ ಹಕ್ಕು, ಸ್ವಾತಂತ್ರ್ಯದ ಹಕ್ಕಿನ ಒಳಗೇ ಇದು ಇದೆ ಎಂದು ಕೋರ್ಟು ಹೇಳಿತು. ಸರ್ಕಾರದಿಂದ ಈ ಹಕ್ಕನ್ನು ಕೇಳುವ ನಾವು, ಮನೆಯಲ್ಲಿ ಹೆತ್ತವ್ವನಿಗೆ ಅದನ್ನು ಕೊಡಬೇಡವೇ?

ನಮ್ಮ ಕೇರಿಯವರಿಗೆ ಈ ಮಾತು ಇನ್ನೂ ಆಳಕ್ಕೆ ತಾಗಬೇಕು. ನಮ್ಮ ಹಿರಿಯರು ಏನು ಉಟ್ಟರು, ಕಾಲಿಗೆ ಏನು ಮೆಟ್ಟಿದರು, ಯಾವ ಬಾವಿಯ ಹತ್ತಿರ ಹೋದರು ಎಂದು ಊರ ಕಣ್ಣು ಸದಾ ಕಾಯುತ್ತಿತ್ತು. ಕಾಯುವವನನ್ನು ತಿರುಗಿ ನೋಡುವ ಹಕ್ಕು ಅವರಿಗಿರಲಿಲ್ಲ. ಒಬ್ಬರು ಮಾತ್ರ ನೋಡುವುದು, ಇನ್ನೊಬ್ಬರು ಬರೀ ನೋಡಿಸಿಕೊಳ್ಳುವುದು ಪ್ರೀತಿಯ ಸಂಬಂಧವಲ್ಲ, ಅದು ಧಣಿ ಆಳಿನ ಸಂಬಂಧ. ಅವ್ವ ಕೇಳಿದ ನ್ಯಾಯ ಇದೇ.

*ಯಂತ್ರ ಬೇಡವೇ?*

ಹಾಗಾದರೆ ಎಲ್ಲ ಕಿತ್ತು ಎಸೆಯಬೇಕೇ? ಬೇಡ. ಬಾಬಾಸಾಹೇಬರು ಯಂತ್ರದ ವಿರೋಧಿಯಾಗಿರಲಿಲ್ಲ. 1945ರಲ್ಲಿ ಪ್ರಕಟವಾದ ಕಾಂಗ್ರೆಸ್ ಮತ್ತು ಗಾಂಧಿ ಕುರಿತ ತಮ್ಮ ಗ್ರಂಥದಲ್ಲಿ ಅವರು ಇದನ್ನು ಸ್ಪಷ್ಟವಾಗಿ ವಾದಿಸಿದ್ದಾರೆ. ಯಂತ್ರವು ಮನುಷ್ಯನಿಗೆ ಬಿಡುವು ಕೊಡುತ್ತದೆ, ಬಿಡುವಿಲ್ಲದೆ ಸುಸಂಸ್ಕೃತ ಬದುಕಿಲ್ಲ, ಕೆಡುಕು ಇರುವುದು ಯಂತ್ರದಲ್ಲಲ್ಲ, ಅದನ್ನು ಇಟ್ಟುಕೊಂಡಿರುವ ಸಮಾಜದ ವ್ಯವಸ್ಥೆಯಲ್ಲಿ ಎಂಬುದು ಅವರ ವಾದದ ಸಾರ. ಹಾಗಾದರೆ ನಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಕ್ಯಾಮೆರಾ ಕೊಟ್ಟ ಬಿಡುವನ್ನು ನಾನು ಅವ್ವನಿಗೆ ಕೊಟ್ಟೆನೇ? ಇಲ್ಲ. ಆ ಹೊತ್ತನ್ನೂ ಮೊಬೈಲಿಗೇ ಕೊಟ್ಟೆ.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆ ಕೆಟ್ಟು, ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಷುವನ್ನು ಬುದ್ಧರು ಕಂಡರು. ಅವನು ಅಲ್ಲಿ ಬಿದ್ದಿರುವುದು ವಿಹಾರದವರಿಗೆ ಗೊತ್ತಿತ್ತು. ನೋಡಿದ್ದರು, ಆದರೆ ನೋಡಿಕೊಂಡಿರಲಿಲ್ಲ. ಬುದ್ಧರು ಆನಂದರಿಂದ ನೀರು ತರಿಸಿ ತಾವೇ ಸುರಿದರು, ಆನಂದರು ಅವನ ಮೈ ತೊಳೆದರು, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬರ್ಥದಲ್ಲಿ ಭಿಕ್ಷುಗಳಿಗೆ ತಿಳಿಸಿದರು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ತಂದೆತಾಯಿಗೆ ನಡೆದುಕೊಳ್ಳುವ ರೀತಿ ಹೇಳುವಾಗ ಬಳಸಿರುವ ಪದ, ನಮ್ಮ 'ಶುಶ್ರೂಷೆ'ಯ ಅಣ್ಣತಮ್ಮ. ಶುಶ್ರೂಷೆ ಎಂದರೆ ಆರೈಕೆ ಎಂದು ನಾವು ಬಳಸುತ್ತೇವೆ. ಅದರ ಮೂಲ ಅರ್ಥ 'ಕೇಳುವ ಬಯಕೆ'. ಆರೈಕೆ ಶುರುವಾಗುವುದು ಕಣ್ಣಿನಿಂದಲ್ಲ, ಕಿವಿಯಿಂದ. ನಾನು ಎರಡು ವರ್ಷ ಅವ್ವನನ್ನು ನೋಡಿದೆ, ಕೇಳಲಿಲ್ಲ.

*ಈಗ ನಮ್ಮ ಮನೆಯಲ್ಲಿ*

ಅವ್ವನನ್ನು ಕೇಳಿಯೇ ಕ್ಯಾಮೆರಾವನ್ನು ಪಡಸಾಲೆಯಿಂದ ತೆಗೆದು ತಲಬಾಗಿಲ ಹೊರಗೆ ಹಾಕಿದೆ. ಅದರ ಜೊತೆ ಬಂದ ಪಾಸ್‌ವರ್ಡ್ ಬದಲಿಸಿದೆ. ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡನ್ನೇ ಬಿಟ್ಟಿದ್ದ ಸಾವಿರಾರು ಕ್ಯಾಮೆರಾಗಳನ್ನು 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ವಶಮಾಡಿಕೊಂಡಿತ್ತು. ಬಚ್ಚಲ ದಾರಿಗೆ ಬ್ಯಾಟರಿ ದೀಪ, ಗೋಡೆಗೆ ಹಿಡಿಕೆ ಹಾಕಿಸಿದೆ. ಮನೆಯ ಒಂದು ಕೀಲಿ ಪಕ್ಕದ ಅಕ್ಕನ ಹತ್ತಿರ ಇದೆ. ಬೇಕಾದ ಫೋನ್ ನಂಬರುಗಳು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿವೆ. ದಿನಾ ಸಂಜೆ ನಾನೇ ಫೋನ್ ಮಾಡುತ್ತೇನೆ. ಫೋನ್ ಹೋಗದಿದ್ದರೆ ಅಕ್ಕನಿಗೆ ಮಾಡುತ್ತೇನೆ. ಆ ರಾತ್ರಿಯ ನನ್ನ ನಿದ್ದೆಯನ್ನು ಇದೇನೂ ಅಳಿಸುವುದಿಲ್ಲ. ಅವ್ವನ ಕೈ ಇನ್ನೂ ಪೂರ್ತಿ ಮೇಲಕ್ಕೆ ಏಳುವುದಿಲ್ಲ.

ಬಾಬಾಸಾಹೇಬರು 1954ರ ಅಕ್ಟೋಬರ್ 3ರ ಆಕಾಶವಾಣಿ ಭಾಷಣದಲ್ಲಿ ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಎಂಬ ಮೂರು ತತ್ವಗಳನ್ನು ತಾವು ಬುದ್ಧರಿಂದಲೇ ಪಡೆದದ್ದು ಎಂದರು. ಮನೆಗೆ ಹೊಸ ಯಂತ್ರ ತರುವಾಗ ಈ ಮೂರನ್ನೇ ಕೇಳೋಣ. ಇದನ್ನು ಬೇಡ ಎನ್ನುವ ಸ್ವಾತಂತ್ರ್ಯ ಮನೆಯ ಎಲ್ಲರಿಗೂ ಇದೆಯೇ? ಒಬ್ಬರು ಧಣಿ, ಒಬ್ಬರು ಆಳು ಆಗುವುದಿಲ್ಲವೇ? ಇದು ಬಂದ ಮೇಲೆ ನಾವು ಒಬ್ಬರನ್ನೊಬ್ಬರು ಹೆಚ್ಚು ಮಾತಾಡಿಸುತ್ತೇವೆಯೇ, ಕಡಿಮೆಯೇ?

*ಇಂದಿನ ಅಭ್ಯಾಸ:* ಈ ಸಂದೇಶವನ್ನು ಮುಂದಕ್ಕೆ ಕಳಿಸುವ ಮುಂಚೆ, ಒಂಟಿಯಾಗಿರುವ ಒಬ್ಬ ಹಿರಿಯರಿಗೆ ಫೋನ್ ಮಾಡಿ. ಹತ್ತಿರವಿದ್ದರೆ ಹೋಗಿ ಬಾಗಿಲು ತಟ್ಟಿ. ಭಾನುವಾರ ವಂದನೆ ಮುಗಿದ ಮೇಲೆ, ಯಾರ ಮನೆಗೆ ಯಾರು ಹೋಗಬೇಕು ಎಂದು ಬಳಗದಲ್ಲಿ ಒಂದು ಪಟ್ಟಿ ಮಾಡೋಣ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ, ಜೈ ಭೀಮ್ 🙏