ಹಳೆಯ ಮನೆಯ ಋಣ

ಮನೆಯು ಗೃಹಸ್ಥಾಶ್ರಮಕ್ಕೆ ಆಶ್ರಯಸ್ಥಾನ. ಅದನ್ನು ಕಟ್ಟಿಸುವವನಿಗೆ ಹೇಗೋ ಹಾಗೆಯೇ ಕೊಳ್ಳುವವನಿಗೂ ಕೆಲವು ಕರ್ತವ್ಯಗಳುಂಟು. ನಮ್ಮ ಕುಟುಂಬಗಳ ಮಕ್ಕಳು ಅನೇಕರು ಈಗ ಇಂಗ್ಲೆಂಡಿನಲ್ಲಿ ನೆಲೆಸಿರುವರು. ಅವರಲ್ಲಿ ಕೆಲವರು ಮಹಾನಗರದ ಗದ್ದಲವನ್ನು ಬಿಟ್ಟು, ಪ್ರಶಾಂತವಾದ ಪುರಾತನ ಊರಿನಲ್ಲಿ, ಇತರರು ಬಾಳಿಬಿಟ್ಟ ಮನೆಯೊಂದನ್ನು ಕೊಳ್ಳಲು ಬಯಸುವುದುಂಟು. ಆಗ ಬೆಲೆಯ ವಿಚಾರವನ್ನೂ ಸಾಲದ ವಿಚಾರವನ್ನೂ ಎಲ್ಲರೂ ಮಾಡುವರು. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನೂರಾರು ವರ್ಷ ಪರರು ಬಾಳಿದ ಮನೆಯನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದು ಏನನ್ನು?

ಉದಾಹರಣೆಗೆ, ಪೂರ್ವ ಇಂಗ್ಲೆಂಡಿನ ಸಫೊಕ್ ಪ್ರಾಂತದಲ್ಲಿರುವ ಲ್ಯಾವೆನ್‌ಹ್ಯಾಮ್ ಎಂಬ ಊರನ್ನು ನೋಡೋಣ. 15 ಮತ್ತು 16ನೆಯ ಶತಮಾನಗಳಲ್ಲಿ ಅದು ನೀಲಿಬಣ್ಣದ ಉಣ್ಣೆಬಟ್ಟೆಯ ವ್ಯಾಪಾರದಿಂದ ಆ ದೇಶದ ಸಂಪನ್ನ ಊರುಗಳಲ್ಲಿ ಒಂದೆನಿಸಿತ್ತು. ವರ್ತಕರು ಓಕ್ ಮರದ ಕಂಬತೊಲೆಗಳಿಂದ ಮನೆಗಳನ್ನು ಕಟ್ಟಿಸಿದರು. ಬಳಿಕ ಬೇರೆಡೆ ನೇಯ್ದ ಅಗ್ಗದ, ಹಗುರವಾದ ಬಟ್ಟೆ ಮಾರುಕಟ್ಟೆಗೆ ಬಂದಿತು, ಊರಿನ ವ್ಯಾಪಾರ ಕುಗ್ಗಿತು, ಜನರು ಬಡವರಾದರು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಆದುದರಿಂದಲೇ ಆ ಮನೆಗಳು ಉಳಿದವು. ಇಂದು ನೋಡುವವರು ಮೆಚ್ಚುವ ಆ ಸೌಂದರ್ಯವು ಒಂದು ಕಾಲದವರ ಸಂಪತ್ತಿನಿಂದ ಹುಟ್ಟಿ, ಇನ್ನೊಂದು ಕಾಲದವರ ಬಡತನದಿಂದ ಉಳಿದುಬಂದದ್ದು. ಕೊಳ್ಳುವವನು ತೆರುವ ಹಣ ಅವರಿಬ್ಬರಲ್ಲಿ ಯಾರಿಗೂ ತಲಪುವುದಿಲ್ಲ.

ಇಂತಹ ಕಟ್ಟಡಗಳನ್ನು ಆ ದೇಶದ ಸರಕಾರವು ರಕ್ಷಿತ ಪಟ್ಟಿಯಲ್ಲಿ ಸೇರಿಸಿದೆ. 1947ರ ಕಾನೂನಿನಿಂದ ಬೆಳೆದ ಈ ಪದ್ಧತಿ ಈಗ 1990ರ ಕಾನೂನಿನಂತೆ ನಡೆಯುತ್ತಿದೆ. ಲ್ಯಾವೆನ್‌ಹ್ಯಾಮ್ ಒಂದರಲ್ಲಿಯೇ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳು ಆ ಪಟ್ಟಿಯಲ್ಲಿವೆ. ಅಂತಹ ಮನೆಯ ವೈಶಿಷ್ಟ್ಯಕ್ಕೆ ಕುಂದು ತರುವಂತೆ, ಹೊರಗಾಗಲಿ ಒಳಗಾಗಲಿ, ಅನುಮತಿಯಿಲ್ಲದೆ ಬದಲಾವಣೆ ಮಾಡುವುದು ಅಪರಾಧ. ಹಿಂದಿನ ಒಡೆಯನು ಹಾಗೆ ಮಾಡಿದ್ದರೆ ಅಪರಾಧದ ಶಿಕ್ಷೆ ಅವನದೇ. ಆದರೆ ಅದನ್ನು ಸರಿಪಡಿಸಬೇಕೆಂದು ಆಜ್ಞೆಯಾದರೆ ಆ ಹೊರೆ ಈಗಿನ ಒಡೆಯನದು. ಇಷ್ಟು ವರ್ಷ ಕಳೆಯಿತೆಂದು ಅದು ತಾನಾಗಿ ತೀರುವುದೂ ಇಲ್ಲ.

"ಇದು ಅನ್ಯಾಯವಲ್ಲವೇ? ಹಣ ತೆತ್ತವನಿಗೆ ಪೂರ್ಣ ಸ್ವಾಮ್ಯವಿಲ್ಲವೇ? ಪರರ ತಪ್ಪಿಗೆ ಇವನೇಕೆ ದಂಡ ತೆರಬೇಕು?" ಎಂದು ಆಕ್ಷೇಪಿಸಬಹುದು. ಈ ಆಕ್ಷೇಪವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಅರಿಯದೆ ಕೊಂಡ ಸಾಮಾನ್ಯ ಸಂಬಳಗಾರನಿಗೆ ಅದು ನಿಜವಾಗಿಯೂ ದೊಡ್ಡ ಕಷ್ಟ. ಆದರೂ ವಿಚಾರಿಸಬೇಕು. ಐನೂರು ವರ್ಷದ ಆ ತೊಲೆಗಳನ್ನು ಕೆತ್ತಿ ಕೂಡಿಸಿದವನೂ ಇವನಲ್ಲವಷ್ಟೆ! ತಾನು ಮಾಡದ ಒಳ್ಳೆಯದನ್ನು ತನ್ನದೆಂದು ಅನುಭವಿಸುವವನು, ತಾನು ಮಾಡದ ಕೆಟ್ಟದ್ದನ್ನು ಮಾತ್ರ ತನ್ನದಲ್ಲವೆನ್ನುವುದು ಹೇಗೆ ಸಲ್ಲುವುದು? ತಂದೆಯ ಆಸ್ತಿಯನ್ನು ಪಡೆದ ಮಗನು ತಂದೆಯ ಸಾಲವನ್ನೂ ತೀರಿಸಬೇಕೆಂಬುದು ನಮ್ಮ ಹಿರಿಯರ ನಡವಳಿಕೆ. ಹಳೆಯ ಮನೆಯ ಋಣವೂ ಅಂತಹುದೇ.

ಅದೇ ಊರಿನಲ್ಲಿ 20ನೆಯ ಶತಮಾನದ ಆರಂಭದಲ್ಲಿ, ಉಣ್ಣೆ ವ್ಯಾಪಾರದ ಕಾಲದ ಹಳೆಯ ಸಭಾಭವನವೊಂದನ್ನು ಬೇರೆಡೆಗೆ ಸಾಗಿಸುವ ಉದ್ದೇಶದಿಂದ ಬಿಚ್ಚಿದರು. ಊರವರು ಪ್ರತಿಭಟಿಸಲು ಅದು ಮರಳಿ ಸ್ವಸ್ಥಾನದಲ್ಲಿ ನಿಂತಿತು. ಹಣದಿಂದ ಮರಗಳು ದೊರೆತರೂ ಊರಿನ ನೆನಪನ್ನು ಹೊತ್ತೊಯ್ಯುವ ಅಧಿಕಾರ ದೊರೆಯುವುದಿಲ್ಲವೆಂಬುದು, ಇಂದಿನ ಕಾನೂನು ಹುಟ್ಟುವ ಮೊದಲೇ ಜನರಿಗೆ ತಿಳಿದಿತ್ತು.

ಇನ್ನು ಮಾರುವವನ ವಿಷಯ. "ಕೊಳ್ಳುವವನೇ ಎಚ್ಚರದಿಂದಿರಲಿ" ಎಂಬುದು ಇಂಗ್ಲೆಂಡಿನ ಹಳೆಯ ವ್ಯಾಪಾರನ್ಯಾಯ. ಕೇಳಿದುದಕ್ಕೆ ಸುಳ್ಳು ಹೇಳಿದರೆ ಮಾರುವವನು ಹೊಣೆಗಾರನಾಗುವನು. ಕಟ್ಟಡದ ದೋಷವನ್ನು ಯಾರೂ ಕೇಳಲಿಲ್ಲವೆಂದು ಸುಮ್ಮನಿದ್ದರೆ ಬಹುಮಟ್ಟಿಗೆ ಹೊಣೆಯಿಲ್ಲ. ಹಳೆಯ ಮರದ ಚೌಕಟ್ಟಿನ ಗೋಡೆಯು ಸುಣ್ಣದ ಗಾರೆಯ ಮೂಲಕ ತನ್ನ ತೇವವನ್ನು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ನೋಟಕ್ಕೆ ಗೋಡೆ ಗಟ್ಟಿ. ಒಳಗೆ ತೇವ ನಿಂತು ಮರ ಕೊಳೆಯುವುದು. ಅದನ್ನು ಬಲ್ಲವನ ಮೌನವು ಕಾನೂನಿಗೆ ಸುಳ್ಳಲ್ಲದಿರಬಹುದು, ಅಂತಃಕರಣಕ್ಕೆ ಸುಳ್ಳೇ.

ಇಂದು ಕೊಳ್ಳುವವನೇ ನಾಳೆ ಮಾರುವವನು ಎಂಬುದನ್ನು ಮರೆಯಬಾರದು. ಕೊಂಡ ಮೇಲೆ ದೋಷ ಕಂಡು ನೊಂದವನಿಗೆ, ತಾನೂ ಸುಮ್ಮನಿದ್ದು ಆ ನಷ್ಟವನ್ನು ಮುಂದಿನವನಿಗೆ ದಾಟಿಸುವ ಆಸೆ ಹುಟ್ಟುವುದು ಸಹಜ. ಧರ್ಮದ ಪರೀಕ್ಷೆ ನಡೆಯುವುದು ಅಲ್ಲಿಯೇ. ಆದುದರಿಂದ ಹಿರಿಯರು ಮಕ್ಕಳಿಗೆ ಹೇಳಬೇಕಾದುದಿಷ್ಟು: ಒಪ್ಪಂದವಾಗುವ ಮೊದಲು ಹಳೆಯ ಕಟ್ಟಡಗಳನ್ನು ಬಲ್ಲವರಿಂದ ಮನೆಯನ್ನು ಪರೀಕ್ಷೆ ಮಾಡಿಸಿ, ಹಿಂದಿನ ಬದಲಾವಣೆಗಳಿಗೆ ಅನುಮತಿಯಿತ್ತೇ ಎಂದು ವಿಚಾರಿಸಿ, ಕೊಂಡ ಮೇಲೆ ಅದನ್ನು ಕಾಪಾಡಿ, ಬಿಡುವಾಗ, ಕೇಳದಿದ್ದರೂ, ತಿಳಿದುದನ್ನು ಹೇಳಿ. ಇದರಿಂದ ಬೆಲೆ ಸ್ವಲ್ಪ ಇಳಿದೀತು. ಆದರೆ ಮನೆಯನ್ನು ಬಿಟ್ಟು ಹೊರಡುವವನ ಮನಸ್ಸು ಹಗುರವಾಗಿರುವುದು.