ಜೋಪಾನ

ಪ್ರೀತಿಯ ವಸ್ತುವೊಂದು ಕೈಗೆ ಬಂದರೆ ಅದನ್ನು ಬಳಸಬೇಕೆ, ಬಚ್ಚಿಡಬೇಕೆ? ತರ್ಕಶಾಸ್ತ್ರದ ಪುಸ್ತಕಗಳಲ್ಲಿ ಇಂಥ ಸಣ್ಣ ಪ್ರಶ್ನೆಗೆ ಎಡೆಯಿರಲಾರದು. ನನಗಂತೂ ಇದು ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯೊಂದರಿಂದ ಇಳಿದುಬಂದ ಪ್ರಶ್ನೆ.

ಪೆಟ್ಟಿಗೆಯಲ್ಲಿದ್ದದ್ದು ನಮ್ಮ ತಂದೆಯವರ ಕರಿಯ ಕಂಬಳಿ, ಚಳ್ಳಕೆರೆಯ ಕಡೆಯ ನೇಯ್ಗೆ. ಆ ಸೀಮೆಯ ಕಂಬಳಿಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮಿಂಕ್ ರಗ್ಗುಗಳ ಕಾಲದಲ್ಲಿ ಬೆಳೆದವರಿಗಾಗಿ ಎರಡು ಮಾತು. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ಹಿಂಜಿ, ಹೆಂಗಸರು ನೂಲು ತೆಗೆಯುತ್ತಾರೆ. ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ, ನೆಲದ ಕುಳಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುತ್ತಾರೆ. ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಹೊಸದರಲ್ಲಿ ಅದು ಹಲಗೆಯಂತೆ ಬಿರುಸು. ಮನುಷ್ಯರ ಮೈ ತಾಗಿ ತಾಗಿ ಮೆತ್ತಗಾಗಬೇಕು. (ಮಡಿಗೆ ಉಣ್ಣೆಯನ್ನು ಒಪ್ಪಿದ ನಮ್ಮ ಸಂಪ್ರದಾಯಸ್ಥರು ಅದನ್ನು ನೇಯ್ದವನನ್ನು ಜಗಲಿ ದಾಟಿಸಲಿಲ್ಲ. ಅದು ಇನ್ನೊಂದು ದಿನದ ಮಾತು.)

ತಂದೆಯವರು ಅದರ ಮೇಲೆಯೇ ಕುಳಿತು ಪತ್ರಿಕೆ ಓದುತ್ತಿದ್ದರು, ಅದರ ಮೇಲೆಯೇ ಮಲಗುತ್ತಿದ್ದರು. ನೆಂಟರು ಬಂದರೆ ಜಗಲಿಗೆ ಹಾಸುತ್ತಿದ್ದುದೂ ಅದನ್ನೇ. ಭಾನುವಾರ ಬೆಳಗ್ಗೆ ಹಿತ್ತಿಲಿಗೆ ಒಯ್ದು, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಪಟಪಟನೆ ಕೊಡವಿ ಬಿಸಿಲಿಗೆ ಹರಡುತ್ತಿದ್ದರು. ವರ್ಷಕ್ಕೊಮ್ಮೆ, ಬೇಸಗೆಯಲ್ಲಿ, ಅಂಟುವಾಳದ ನೊರೆಯಲ್ಲಿ ಅದರ ಸ್ನಾನ. ಬಿಸಿನೀರು ಸೋಕಕೂಡದು, ಸೋಕಿದರೆ ಉಣ್ಣೆ ಮುದುಡಿ ಗಟ್ಟಿಯಾಗುತ್ತದೆ. ಹಿಂಡಕೂಡದು, ಒತ್ತಿ ನೀರು ಇಳಿಸಬೇಕು. ಹಗ್ಗಕ್ಕೆ ನೇತುಹಾಕಲೂ ಕೂಡದು, ನೀರಿನ ಭಾರಕ್ಕೆ ಜಗ್ಗಿಬಿಡುತ್ತದೆ. ಕಲ್ಲುಚಪ್ಪಡಿಯ ಮೇಲೆ ನೆರಳಿನಲ್ಲಿ ಹರಡಬೇಕು. ಇಷ್ಟೆಲ್ಲ ಉಪಚಾರವಿದ್ದರೂ ಅವರು ಕೂರುತ್ತಿದ್ದ ನಡುಭಾಗ ಸವೆದು ಜಾಳಾಗಿತ್ತು.

ಅವರು ತೀರಿಕೊಂಡದ್ದು 2016ರಲ್ಲಿ. ಕರ್ಮಾಂತರಗಳು ಮುಗಿದ ಮೇಲೆ ಕಂಬಳಿಯನ್ನು ನಾನು ಒಗೆಸಲಿಲ್ಲ. ಮೂಗಿಗೆ ಹಿಡಿದರೆ ಅಪ್ಪನ ವಾಸನೆ ಬರುತ್ತಿತ್ತು. ಅದು ಹೋಗಿಬಿಟ್ಟೀತೆಂದು ಹಾಗೆಯೇ ಮಡಿಚಿ, ನಾಲ್ಕು ನುಸಿಗುಳಿಗೆ ಹಾಕಿ, ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿದೆ. ಅದೊಂದು ಪೂಜೆಯೆಂದೇ ಭಾವಿಸಿದ್ದೆ.

ಆ ಮಾಗಿಯಲ್ಲಿ ತಾಯಿ ಕೇಳಿದರು, "ನಿಮ್ಮಪ್ಪನ ಕಂಬಳಿ ಇಳಿಸಿಕೊಡೋ, ರಾತ್ರಿಯೆಲ್ಲ ಕಾಲು ತಣ್ಣಗಾಗುತ್ತೆ."

"ಹಾಳಾಗುತ್ತಮ್ಮ, ಅದು ಇರಲಿ" ಎಂದು ಅಂಗಡಿಯಿಂದ ಹೂವಿನ ಚಿತ್ರದ ರಗ್ಗೊಂದನ್ನು ತಂದುಕೊಟ್ಟೆ. ಮರುವರ್ಷವೂ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಕೇಳಲಿಲ್ಲವೆಂಬುದನ್ನು ನಾನು ಗಮನಿಸಲೂ ಇಲ್ಲ.

ಹೋದ ವರ್ಷ ಮನೆಗೆ ಸುಣ್ಣ ಹೊಡೆಸುವಾಗ ಪೆಟ್ಟಿಗೆ ಕೆಳಗಿಳಿಯಿತು. ಕಂಬಳಿಯನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಆಚೆಯ ಗೋಡೆ ಕಂಡಿತು. ಗುಳಿಗೆಗಳು ಎಂದೋ ಆವಿಯಾಗಿ, ಮುಚ್ಚಳದ ಸಂದಿನಿಂದ ಹೊರಟುಹೋಗಿದ್ದವು. ಆಮೇಲೆ ಓದಿ ತಿಳಿದದ್ದಿಷ್ಟು: ಹಾರಾಡುವ ನುಸಿ ಉಣ್ಣೆಯನ್ನು ಮುಟ್ಟುವುದೇ ಇಲ್ಲ, ತಿನ್ನುವುದು ಅದರ ಮರಿಹುಳು. ಆ ಹುಳುವಿಗೆ ಕತ್ತಲೆ ಬೇಕು, ಯಾರೂ ಅಲುಗಾಡಿಸದ ಮಡಿಕೆ ಬೇಕು. ಅದಕ್ಕಿಂತ ಹೆಚ್ಚಾಗಿ ಬೆವರು, ಜಿಡ್ಡು ಹತ್ತಿದ ಉಣ್ಣೆಯೆಂದರೆ ಅದಕ್ಕೆ ಬಲು ರುಚಿ. ಅಂದರೆ ನಾನು ಪೂಜಿಸಿ ಉಳಿಸಿದ ಅಪ್ಪನ ವಾಸನೆಯೇ ಅದಕ್ಕೆ ಒಗ್ಗರಣೆಯಾಗಿತ್ತು!

ಬಳಸಿದರೂ ವಸ್ತು ಸವೆಯುತ್ತದೆಯಲ್ಲ ಎಂದು ಓದುಗರು ಕೇಳಬಹುದು. ನಿಜ, ನಡುಭಾಗದ ಜಾಳು ಅದಕ್ಕೆ ಸಾಕ್ಷಿ. ವಸ್ತುಸಂಗ್ರಹಾಲಯಗಳು ಬೀಗ ಹಾಕಿಯೇ ಕಾಯುತ್ತವೆ ಎಂದೂ ಹೇಳಬಹುದು. ಅದೂ ನಿಜ. ಆದರೆ ಅಲ್ಲಿ ನೋಡಿಕೊಳ್ಳುವುದಕ್ಕೆಂದೇ ಜನರಿದ್ದಾರೆ, ನಾನು ಒಮ್ಮೆಯೂ ಪೆಟ್ಟಿಗೆ ತೆರೆದವನಲ್ಲ. ಜೋಪಾನ ಮಾಡುತ್ತೇನೆಂದುಕೊಂಡು ನಾನು ಮಾಡಿದ್ದು ಅದನ್ನು ನೋಡುವ ಕಷ್ಟದಿಂದ ತಪ್ಪಿಸಿಕೊಂಡದ್ದು. ತಂದೆಯವರಿಗೆ ಕಂಬಳಿಯ ಮೇಲೆ ಯಾವ ಭಕ್ತಿಯೂ ಇರಲಿಲ್ಲ. ಭಾನುವಾರ ಕೊಡವುವ ಅಭ್ಯಾಸವಿತ್ತು, ಅಷ್ಟೆ. ಹುಳುವಿನ ಮೊಟ್ಟೆ ಉದುರಿಹೋಗುತ್ತಿದ್ದದ್ದು ಆ ಅಭ್ಯಾಸದಿಂದ. ಮತ್ತೆ, ಸತ್ತವರ ನೆನಪಿಗೆಂದು ಬದುಕಿರುವವರ ಕಾಲನ್ನು ತಣ್ಣಗೆ ಬಿಡುವ ಹಕ್ಕು ನನಗೆ ಬಂದದ್ದೆಲ್ಲಿಂದ? ಹುಳು ಮಾಡಿದ ತೂತಿಗಿಂತ ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ಇದಕ್ಕೆ ಸಮಾಧಾನ ಹೇಳಿಕೊಳ್ಳಲು ಹಲವು ದಾರಿಗಳನ್ನು ಹುಡುಕಿದೆ, ನಾಚಿಕೆಯಿಂದ ಬಿಟ್ಟುಕೊಟ್ಟೆ.

ಚಳ್ಳಕೆರೆಗೆ ಹೋಗಿ ವಯಸ್ಸಾದ ನೇಕಾರರೊಬ್ಬರ ಮುಂದೆ ಕಂಬಳಿಯನ್ನು ಹರಡಿದೆ. ಅವರು ತೂತುಗಳನ್ನು ನೋಡಲಿಲ್ಲ, ಸವೆದ ನಡುಭಾಗದ ಮೇಲೆ ಅಂಗೈ ಆಡಿಸಿದರು.

"ಚೆನ್ನಾಗಿ ಕೂತವ್ರೆ" ಎಂದರು. ಆಮೇಲೆ ಅಂಚು ಹಿಡಿದು, "ಇದೇನ್ ಮೇಷ್ಟ್ರೆ, ಹಾಸ್ದೆ ಮಡಗಿದ್ರಾ?"

ಹೌದೆಂದೆ. ಅರ್ಧಕ್ಕಿಂತ ಹೆಚ್ಚು ಉಳಿಯುವಂತಿರಲಿಲ್ಲ. ಚೆನ್ನಾಗಿದ್ದ ಭಾಗವನ್ನು ಕತ್ತರಿಸಿ, ಸಣ್ಣ ತೂತುಗಳನ್ನು ಅದೇ ಕರಿನೂಲಿನಿಂದ ಹೆಣೆದು, ಅಂಚು ಕಟ್ಟಿಕೊಟ್ಟರು. ಒಬ್ಬರು ಕೂರುವಷ್ಟಾಯಿತು. ದುಡ್ಡು ಕೇಳಿದ್ದು ಬಹಳ ಕಡಿಮೆ. ಹೆಚ್ಚು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಈಗ ಅದು ತಾಯಿಯ ಕುರ್ಚಿಯ ಕೆಳಗೆ, ಅವರ ಪಾದಗಳಡಿಯಲ್ಲಿದೆ. ಭಾನುವಾರ ಕೊಡವುವಾಗ ಇನ್ನೊಂದು ತುದಿಯನ್ನು ಮಗಳು ಹಿಡಿಯುತ್ತಾಳೆ. ಮೊನ್ನೆ ಅವಳ ಕೈಯಿಂದ ಕಾಫಿಯ ಲೋಟ ಜಾರಿ ಅದರ ಮೇಲೆಯೇ ಬಿತ್ತು. ನಾನು ತಟ್ಟನೆ ಎದ್ದು ಏನೋ ಗದರಲಿದ್ದೆ. ತಾಯಿ ಕಾಲನ್ನೂ ಎತ್ತಲಿಲ್ಲ.

"ಉಜ್ಜಬೇಡ, ತಣ್ಣೀರಲ್ಲಿ ಒತ್ತು" ಎಂದರು.

ಒಣಬಟ್ಟೆ ತಂದು, ಅವರ ಕಾಲಬಳಿ ಕುಳಿತು ಒತ್ತಿದೆ.